ಮಾಗಡಿ ಕೆರೆಗೆ ಹೆಬ್ಬಾತು ನೋಡಲು ಹೊರಟವರಿಗೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಹೊಲಗಳಿಗೆ ನೀರುಣಿಸಲೆಂದು ಮಳೆನೀರು ಹಿಡಿದಿಟ್ಟ ಒಂದು ಊರ ಕೆರೆ. ಹರವು 50 ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಷ್ಟು ಸಣ್ಣ ನೀರನ್ನು ಹುಡುಕಿಕೊಂಡು ಮಧ್ಯ ಏಷ್ಯಾದ ಎತ್ತರದ ನಾಡುಗಳಿಂದ ಹಿಮಾಲಯ ದಾಟಿ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಒಳ್ಳೆಯ ವರ್ಷಗಳಲ್ಲಿ ಅವುಗಳ ಸಂಖ್ಯೆ 8,000ದ ಆಸುಪಾಸು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ.

ರಂಗನತಿಟ್ಟಿಗೆ ಹೋಗುವುದು ಸುಲಭ. ಚೀಟಿ ಕೊಂಡರೆ ದೋಣಿ, ದೋಣಿಯಲ್ಲಿ ತೋರಿಸಿ ಹೇಳುವವರು, ಮರದ ತುಂಬ ಗೂಡು. ಮಾಗಡಿಯಲ್ಲಿ ನಿಮ್ಮನ್ನು ಕರೆದೊಯ್ಯುವ ದೋಣಿಯಿಲ್ಲ. ಕೆರೆಯ ಏರಿ, ಸುತ್ತಲಿನ ಹೊಲ, ನಡುವೆ ನೀರು, ನೀರಿನ ಅಂಚಿನಲ್ಲಿ ಹಕ್ಕಿ. ಇಲ್ಲಿ ಹಕ್ಕಿಗಳ ದಿನಚರಿ ತಿಳಿಯದೆ ಹೋದವರು ಬರಿಯ ನೀರು ನೋಡಿ ಮರಳುವುದುಂಟು. ನನಗೂ ಹಾಗೆಯೇ ಆಯಿತು. ಮೊದಲ ಸಲ ಸೂರ್ಯೋದಯಕ್ಕೆ ಸರಿಯಾಗಿ ಏರಿಯ ಮೇಲಿದ್ದೆ. ಒಂದಷ್ಟು ನಾಮದ ಕೋಳಿ, ನಾಲ್ಕು ಗುಳುಮುಳುಕ ಬಿಟ್ಟರೆ ಕೆರೆ ಬರಿದಾಗಿತ್ತು. ಮುಕ್ಕಾಲು ಗಂಟೆ ಕಾದು, ಈ ವರ್ಷ ಹಕ್ಕಿ ಬಂದಿಲ್ಲವೆಂದುಕೊಂಡು ರಸ್ತೆಗೆ ನಡೆದೆ. ಬಸ್ಸಿಗೆ ಕಾಯುತ್ತಿದ್ದಾಗ ತಲೆಯ ಮೇಲೆ ಸಾಲು ಸಾಲಾಗಿ ಕೂಗುತ್ತ ಹಾದುಹೋದವು. ಮರಳಿ ಏರಿಗೆ ಬರುವಷ್ಟರಲ್ಲಿ ಆಚೆಯ ದಡವೆಲ್ಲ ಬೂದು ಬಣ್ಣವಾಗಿತ್ತು.

ಈ ಹೆಬ್ಬಾತುಗಳು ಇಲ್ಲಿ ರಾತ್ರಿ ಉಣ್ಣುತ್ತವೆ, ಹಗಲು ಮಲಗುತ್ತವೆ. ಸಂಜೆ ಮಬ್ಬಾಗುತ್ತಲೇ ಹೊಲಗಳಿಗೆ ಹೊರಟು, ಬೆಳಗಾದ ಮೇಲೆ ತಂಡತಂಡವಾಗಿ ಕೆರೆಗೆ ಮರಳುತ್ತವೆ. ಕೆರೆ ಅವುಗಳ ಮಲಗುವ ಮನೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜನೆ ಮಾಡಿದರೆ ಯಾವ ದಿನ, ಯಾವ ಹೊತ್ತು, ಎಲ್ಲಿ ಕೂರಬೇಕು, ಎಷ್ಟು ಸುಮ್ಮನಿರಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಮೊದಲು ನೀರಿನ ವಿಚಾರಣೆ

ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಹೆಬ್ಬಾತಿನ ಕಾಲ. ನವೆಂಬರ್ ಮೊದಲ ವಾರಗಳಲ್ಲಿ ತಂಡಗಳು ಇನ್ನೂ ಬರುತ್ತಿರುತ್ತವೆ, ಬಿಸಿಲು ಏರಿದಂತೆ ಮಾರ್ಚ್‌ನಲ್ಲಿ ಉತ್ತರಕ್ಕೆ ಹೊರಡುತ್ತವೆ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಆರು ವಾರ ನನ್ನ ಆಯ್ಕೆ.

ಆದರೆ ತಿಂಗಳಿಗಿಂತ ಮುಖ್ಯವಾದದ್ದು ಆ ವರ್ಷದ ಮಳೆ. ಗದಗ ಒಣಬೇಸಾಯದ ಸೀಮೆ. ಹಿಂಗಾರು ಕೈಕೊಟ್ಟ ವರ್ಷ ಕೆರೆಯ ತಳದಲ್ಲಿ ಬಿರುಕು ಬಿಟ್ಟ ಮಣ್ಣಷ್ಟೇ ಇರಬಹುದು. ಹಾಗಾದಾಗ ಹಕ್ಕಿಗಳು ಬೇರೆ ನೀರಿಗೆ ಸರಿಯುತ್ತವೆ. ಇದಕ್ಕೆ ವಿರುದ್ಧವಾಗಿ ಕೆರೆ ಕೋಡಿ ಬೀಳುವಷ್ಟು ತುಂಬಿದರೂ ನೋಡುವವರಿಗೆ ಕಷ್ಟವೇ. ಹೆಬ್ಬಾತು ನಿಂತು ಮಲಗುವುದು ದಡದ ಬಯಲಿನಲ್ಲಿ ಮತ್ತು ಮೊಣಕಾಲುದ್ದದ ನೀರಿನಲ್ಲಿ. ಆ ಅಂಚು ಮುಳುಗಿದ್ದರೆ ಅವು ಚದುರಿಹೋಗುತ್ತವೆ. ಅಂಚಿನಲ್ಲಿ ಒಂದಿಷ್ಟು ಕೆಸರು ಬಯಲು ಬಿಟ್ಟುಕೊಂಡ, ಅರ್ಧಕ್ಕಿಂತ ಹೆಚ್ಚು ತುಂಬಿದ ಕೆರೆ ಒಳ್ಳೆಯದು.

ಆದ್ದರಿಂದ ರೈಲಿನ ಚೀಟಿ ಮಾಡಿಸುವ ಮೊದಲು ಎರಡು ಕೆಲಸ ಮಾಡಿ. ಗದಗಿನ ಅರಣ್ಯ ಇಲಾಖೆಯ ಕಚೇರಿಗೆ ಕರೆ ಮಾಡಿ ಕೆರೆಯ ನೀರಿನ ಮಟ್ಟವನ್ನೂ ಭೇಟಿಯ ನಿಯಮಗಳನ್ನೂ ಕೇಳಿ. ಹಕ್ಕಿ ವೀಕ್ಷಕರು ತಮ್ಮ ಪಟ್ಟಿಗಳನ್ನು ಸೇರಿಸುವ ಇ-ಬರ್ಡ್ ತಾಣದಲ್ಲಿ ಮಾಗಡಿ ಕೆರೆಯ ಇತ್ತೀಚಿನ ದಾಖಲೆಗಳನ್ನು ನೋಡಿ. ಹಿಂದಿನ ಹತ್ತು ದಿನಗಳಲ್ಲಿ ಯಾರಾದರೂ ಹೆಬ್ಬಾತು ಎಣಿಸಿದ್ದರೆ ಧೈರ್ಯವಾಗಿ ಹೊರಡಬಹುದು.

ಯಾವ ಮಾಗಡಿ?

ಮೊಬೈಲಿನ ನಕ್ಷೆಯಲ್ಲಿ ಬರಿಯ ‘ಮಾಗಡಿ’ ಎಂದು ಹಾಕಿದರೆ ಅದು ನಿಮ್ಮನ್ನು ಬೆಂಗಳೂರಿನ ಪಕ್ಕದ ಕೆಂಪೇಗೌಡರ ಮಾಗಡಿಗೆ ಕರೆದೊಯ್ಯುತ್ತದೆ. ಶಿರಹಟ್ಟಿ ತಾಲ್ಲೂಕು ಎಂದು ಸೇರಿಸಿ. ಕೆರೆ ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಸುಮಾರು 26 ಕಿಲೋಮೀಟರ್ ದೂರದಲ್ಲಿದೆ. ಶಿರಹಟ್ಟಿಯಿಂದ ಸುಮಾರು 8, ಲಕ್ಷ್ಮೇಶ್ವರದಿಂದ ಸುಮಾರು 11. ಹುಬ್ಬಳ್ಳಿಯಿಂದ ಗದಗಕ್ಕೆ 60 ಕಿಲೋಮೀಟರಿನ ಆಸುಪಾಸು, ರೈಲೂ ಬಸ್ಸೂ ಧಾರಾಳವಾಗಿವೆ. ಬೆಂಗಳೂರಿನಿಂದ ಬರುವವರು ರಾತ್ರಿ ರೈಲು ಹಿಡಿಯಬಹುದು.

ತಂಗುವುದು ಗದಗಿನಲ್ಲಿ. ಕನಿಷ್ಠ ಒಂದು ರಾತ್ರಿ ಉಳಿಯಿರಿ, ಸಾಧ್ಯವಾದರೆ ಎರಡು. ಒಂದೇ ದಿನದಲ್ಲಿ ಬಂದು ಹೋಗುವವರು ನಡುಹಗಲಿನಲ್ಲಿ ಕೆರೆ ತಲುಪುತ್ತಾರೆ. ಮಲಗಿದ ಹಕ್ಕಿಯ ಬೆನ್ನು ಕಂಡು, ಚಪ್ಪಾಳೆ ತಟ್ಟಿ ಎಬ್ಬಿಸುವ ಆಸೆ ಹುಟ್ಟುವುದು ಇಂಥ ಅವಸರದ ಭೇಟಿಯಲ್ಲೇ.

ಕೆರೆಯ ಬಳಿ ಊಟ ತಿಂಡಿಯನ್ನು ನೆಚ್ಚಿಕೊಳ್ಳದೆ ನೀರು, ಬುತ್ತಿ ಕಟ್ಟಿಕೊಂಡು ಹೋಗಿ. ಗದಗಿನ ಯಾವ ಖಾನಾವಳಿಯಲ್ಲಿ ಕೇಳಿದರೂ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾರೆ; ಇಡೀ ದಿನ ಕೆಡದ ಬುತ್ತಿ ಅದಕ್ಕಿಂತ ಬೇರೆ ಬೇಡ.

ಚೀಲದಲ್ಲಿ ಏನಿರಬೇಕು

ದುರ್ಬೀನು ಬೇಕೇ ಬೇಕು. ಅದರ ಮೇಲೆ 8×42 ಎಂಬಂಥ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ಹೊಸಬರು ಹೆಚ್ಚು ದೊಡ್ಡದಾಗಿ ಕಾಣಲೆಂದು 12 ಅಥವಾ 16 ಪಟ್ಟಿನದನ್ನು ಕೊಳ್ಳುತ್ತಾರೆ; ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುವುದರಿಂದ ಏನೂ ಕಾಣುವುದಿಲ್ಲ. 8×42 ಇಲ್ಲಿಗೆ ಹದವಾದದ್ದು. ಮುಕ್ಕಾಲಿಯ ಮೇಲೆ ನಿಲ್ಲಿಸುವ ದೂರದರ್ಶಕ ನಿಮ್ಮ ಗುಂಪಿನಲ್ಲಿ ಯಾರ ಬಳಿಯಾದರೂ ಇದ್ದರೆ ಹೊತ್ತು ತನ್ನಿ, ಈ ಕೆರೆಯಲ್ಲಿ ಅದಕ್ಕೆ ನಿಜವಾದ ಕೆಲಸವಿದೆ.

ಬಟ್ಟೆ ಮಣ್ಣು ಬಣ್ಣದ್ದೋ ಮಾಸಲು ಹಸಿರೋ ಇರಲಿ. ಬೆಳಗಿನ ಚಳಿಗೆ ಒಂದು ಸ್ವೆಟರ್, ಹತ್ತು ಗಂಟೆಯ ನಂತರದ ಬಿಸಿಲಿಗೆ ಟೊಪ್ಪಿಗೆ. ಕೂರಲು ಒಂದು ಗೋಣಿತಟ್ಟು. ನೋಟ್‌ಬುಕ್ಕು, ಪೆನ್ಸಿಲ್ಲು. ಡ್ರೋನ್ ತರಲೇಬೇಡಿ: ಮೇಲಿನಿಂದ ಎರಗುವ ಹದ್ದಿಗೂ ಅದಕ್ಕೂ ಹಕ್ಕಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಇಡೀ ಕೆರೆ ಒಂದೇ ಸಲಕ್ಕೆ ಎದ್ದುಬಿಡುತ್ತದೆ.

ಪಾದರಕ್ಷೆಯ ಬಗ್ಗೆ ಒಂದು ಮಾತು. ಇದು ಎರೆಮಣ್ಣಿನ ನಾಡು. ಒಣಗಿದ್ದಾಗ ಕಲ್ಲಿನಂತಿರುವ ಈ ಮಣ್ಣು ನಾಲ್ಕು ಹನಿ ಬಿದ್ದರೆ ಹೆಜ್ಜೆಗೆ ಒಂದು ಸೇರು ಅಂಟಿಕೊಳ್ಳುತ್ತದೆ. ಅಕಾಲದಲ್ಲಿ ಮಳೆ ಬಂದಿದ್ದರೆ ಕಾರನ್ನು ಡಾಂಬರು ರಸ್ತೆಯಿಂದ ಕೆಳಗೆ ಇಳಿಸಬೇಡಿ. ಎತ್ತುವುದಕ್ಕೆ ಟ್ರ್ಯಾಕ್ಟರೇ ಬರಬೇಕಾಗುತ್ತದೆ.

ಬೆಳಗಿನ ಹೊತ್ತು

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹೊತ್ತಿಗೆ. ಆರೂವರೆಗೆ ನೀವು ನಿಮ್ಮ ಜಾಗದಲ್ಲಿ ಕುಳಿತಿರಬೇಕು. ಆಮೇಲೆ ಬಂದು ಕೂರುವವರ ಓಡಾಟ ಇಳಿಯಲು ಬರುವ ಹಕ್ಕಿಗಳಿಗೆ ಮೇಲಿನಿಂದ ಚೆನ್ನಾಗಿ ಕಾಣುತ್ತದೆ.

ಜಾಗ ಹುಡುಕುವಾಗ ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆ ಕೆರೆಯ ಮೂಡಣ ಮಗ್ಗುಲು, ಸಂಜೆ ಪಡುವಣ ಮಗ್ಗುಲು. ಬೆಳಕಿಗೆ ಎದುರಾಗಿ ಕುಳಿತರೆ ಎಲ್ಲ ಹಕ್ಕಿಗಳೂ ಕಪ್ಪು ಅಚ್ಚುಗಳಂತೆ ಕಾಣುತ್ತವೆ. ಇನ್ನೊಂದು, ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ. ಆಕಾಶದ ಹಿನ್ನೆಲೆಯಲ್ಲಿ ನಿಂತ ಮನುಷ್ಯ ಅರ್ಧ ಮೈಲಿಯಿಂದಲೂ ಎದ್ದು ಕಾಣುತ್ತಾನೆ. ಎರಡು ಮಾರು ಕೆಳಗಿಳಿದು ಇಳಿಜಾರಿನಲ್ಲಿ ಒಂದು ಪೊದೆಗೆ ಒರಗಿ ಕುಳಿತರೆ ಹತ್ತು ನಿಮಿಷದಲ್ಲಿ ಹಕ್ಕಿಗಳು ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತವೆ. ಕೂರಲಾಗದ ಹಿರಿಯರಿದ್ದರೆ ರಸ್ತೆಬದಿಯಲ್ಲಿ ನಿಲ್ಲಿಸಿದ ಕಾರಿನೊಳಗಿಂದಲೇ ನೋಡಲಿ. ಬಾಗಿಲು ತೆರೆಯದ ಕಾರಿಗೆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲ.

ಮೊದಲು ಬರುವುದು ದನಿ. ಮೂಗಿನಿಂದ ಬಂದಂಥ, ತುಸು ಒಡಕಾದ ‘ಆಂಗ್, ಆಂಗ್’. ಆಮೇಲೆ ದಿಗಂತದಲ್ಲಿ ಒಂದು ಗೆರೆ, ಅದು ಬಾಗಿ ಬಾಣದ ತುದಿಯಾಗುತ್ತದೆ. ಕೆರೆಯ ಮೇಲೆ ಬಂದಾಗ ಸಾಲು ಮುರಿದು, ರೆಕ್ಕೆ ಬಿಗಿಹಿಡಿದು, ಕೆಲವು ಒಂದು ಮಗ್ಗುಲಿಗೆ ಹೊರಳಿ ಎತ್ತರ ಕಳೆದುಕೊಳ್ಳುತ್ತ ಕಾಲು ಮುಂದೆ ಚಾಚಿ ನೀರಿಗಿಳಿಯುತ್ತವೆ. ಒಂದು ತಂಡದ ಹಿಂದೆ ಇನ್ನೊಂದು, ಒಂದೆರಡು ಗಂಟೆ ಈ ಮರಳುವಿಕೆ ನಡೆದೇ ಇರುತ್ತದೆ. ಆ ಹೊತ್ತಿನಲ್ಲಿ ದುರ್ಬೀನು ಕೆಳಗಿಟ್ಟು ಬರಿಗಣ್ಣಿನಿಂದ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಡೀ ಆಕಾಶ ಬೇಕು ಅದಕ್ಕೆ.

ಇಳಿದ ಮೇಲೆ ದುರ್ಬೀನು ಎತ್ತಿಕೊಳ್ಳಿ. ಎರಡರಿಂದ ಮೂರು ಕಿಲೋ ತೂಗುವ ತಿಳಿಬೂದು ಹಕ್ಕಿ, ಹಳದಿ ಕೊಕ್ಕು, ಹಳದಿ ಕಾಲು, ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಆ ಪಟ್ಟೆಯಿಲ್ಲದ, ನೆತ್ತಿಯಿಂದ ಕತ್ತಿನವರೆಗೆ ಮಸುಕು ಕಂದಾಗಿರುವವು ಆ ವರ್ಷದ ಮರಿಗಳು. ಹೆಬ್ಬಾತುಗಳು ಚಳಿಗಾಲವಿಡೀ ಸಂಸಾರಸಮೇತ ಇರುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಹೋದವರು ಸಾವಿರಾರು ಹಕ್ಕಿಗಳ ಗುಂಪಿನಲ್ಲಿ ಎರಡು ಪಟ್ಟೆತಲೆಗಳ ನಡುವೆ ಎರಡು ಮೂರು ಪಟ್ಟೆಯಿಲ್ಲದ ತಲೆಗಳನ್ನು ಹುಡುಕಿ. ಕೆಲವು ತಿಂಗಳ ಹಿಂದಷ್ಟೇ ಮೊಟ್ಟೆಯೊಡೆದು ಬಂದ ಮರಿ, ಮೊದಲ ಪಯಣದಲ್ಲೇ ಹಿಮಾಲಯ ದಾಟಿ ಗದಗಿನ ಎರೆನೆಲದಲ್ಲಿ ಅಪ್ಪ ಅಮ್ಮನ ಪಕ್ಕ ನಿಂತಿರುತ್ತದೆ. ಲಡಾಖಿನ ತ್ಸೋ ಮೊರಿರಿ, ತ್ಸೋ ಕರ್ ಸರೋವರಗಳಲ್ಲೂ ಈ ಜಾತಿ ಮರಿ ಮಾಡುತ್ತದೆ, ಸುಮಾರು 4,500 ಮೀಟರ್ ಎತ್ತರದಲ್ಲಿ. ಬೆನ್ನಿಗೆ ಉಪಕರಣ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳು 7,290 ಮೀಟರ್ ಎತ್ತರದಲ್ಲಿ ಒಂದು ಹೆಬ್ಬಾತು ಹಾರಿದ್ದನ್ನು ದಾಖಲಿಸಿದ್ದಾರೆ. ಆದರೂ ಸಾಧ್ಯವಾದ ಕಡೆಯಲ್ಲೆಲ್ಲ ಅವು ಬೆಟ್ಟದ ಮೈಗೆ ಅಂಟಿಕೊಂಡು, ಕಣಿವೆಗೆ ಇಳಿಯುತ್ತ ಏರುತ್ತ ಹಾರುತ್ತವೆ. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕನ್ನು ಆರಿಸಿಕೊಳ್ಳುತ್ತವೆ. ವಿರಳವಾದ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ರಕ್ತ ಅವುಗಳದು.

ಕತ್ತು ನೋಡಿ ಕಲಿಯಬೇಕು

ಹತ್ತಿರ ಎಷ್ಟು ಹೋಗಬಹುದು ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ಮೀಟರ್ ಎಂಬ ಲೆಕ್ಕ ಎಲ್ಲ ದಿನಕ್ಕೂ ಹೊಂದುವುದಿಲ್ಲ, ಹಕ್ಕಿಯ ಕತ್ತು ಮಾತ್ರ ಎಂದೂ ಸುಳ್ಳು ಹೇಳುವುದಿಲ್ಲ. ನೆಮ್ಮದಿಯಿಂದಿರುವ ಹೆಬ್ಬಾತು ಒಂಟಿಕಾಲಿನಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿರುತ್ತದೆ. ಗುಂಪಿನ ಅಂಚಿನಲ್ಲಿ ಒಂದೆರಡು ಮಾತ್ರ ಕಾವಲಿಗೆ ತಲೆ ಎತ್ತಿರುತ್ತವೆ. ಆ ಒಂದೆರಡು ಹತ್ತಾದರೆ ನಿಲ್ಲಿ. ಕತ್ತುಗಳು ಕೋಲಿನಂತೆ ನೆಟ್ಟಗಾಗಿ, ಗೊಣಗು ಏರಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಡೆಯತೊಡಗಿದರೆ ನೀವು ಆಗಲೇ ಮಿತಿ ಮೀರಿದ್ದೀರಿ. ಅಲ್ಲಿಂದ ಹಿಂದೆ ಸರಿಯಿರಿ, ನಿಧಾನವಾಗಿ, ಓರೆಯಾಗಿ. ನೇರವಾಗಿ ಅವುಗಳ ಕಡೆ ನಡೆಯುವುದಕ್ಕಿಂತ ಓರೆಯಾಗಿ ನಡೆಯುವುದು ಯಾವತ್ತೂ ಕಡಿಮೆ ಭಯ ಹುಟ್ಟಿಸುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಾರುವ ಚಿತ್ರ ಬೇಕೆಂದು ಕಲ್ಲೆಸೆದು ಹಕ್ಕಿ ಎಬ್ಬಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಎದ್ದ ಗುಂಪು ಕೆರೆಯನ್ನು ಏಳೆಂಟು ಸುತ್ತು ಸುತ್ತಿ, ಇಳಿದು, ಮತ್ತೆ ಎದ್ದಿತು. ಮಾರ್ಚ್‌ನಲ್ಲಿ ಮರಳಿ ಹಿಮಾಲಯ ದಾಟಲು ಇಲ್ಲಿ ಕೂಡಿಟ್ಟ ಕೊಬ್ಬೇ ಅವುಗಳ ಬುತ್ತಿ. ಅದನ್ನು ಒಂದು ಚಿತ್ರಕ್ಕಾಗಿ ಕರಗಿಸುವುದು ಕಳ್ಳತನವೆಂದೇ ನಾನು ತಿಳಿದಿದ್ದೇನೆ. ಹಾರುವ ಚಿತ್ರ ಬೇಕಾದವರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಅವಕಾಶವನ್ನು ಹಕ್ಕಿಗಳೇ ಕೊಡುತ್ತವೆ.

ಹೆಬ್ಬಾತಿನಾಚೆ

ಒಂಬತ್ತೂವರೆ, ಹತ್ತರ ಹೊತ್ತಿಗೆ ಹೆಬ್ಬಾತುಗಳು ನಿದ್ದೆಗೆ ಬೀಳುತ್ತವೆ, ನೀರಿನ ಮೇಲೆ ಬಿಸಿಲಿನ ಕಾವು ಅಲೆಯಾಡತೊಡಗುತ್ತದೆ. ಆಗ ಸಣ್ಣವರ ಕಡೆ ತಿರುಗಿ. ಈ ಕೆರೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ, ಬಾಲ ಕುಣಿಸುವ ಸಿಪಿಲೆ, ಸಲಿಕೆಯಂಥ ಕೊಕ್ಕಿನಿಂದ ನೀರು ಸೋಸುವ ಬಾತು, ಮೊನಚು ಬಾಲದ ಸೂಜಿಬಾತು, ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ಕತ್ತಷ್ಟನ್ನೇ ನೀರಿನಿಂದ ಹೊರಗಿಟ್ಟು ಈಜುವ ಹಾವಕ್ಕಿ, ನೀರಿನ ಮೇಲೆ ಗಸ್ತು ಹೊಡೆಯುವ ನದಿ ರೀವ. ಟಿಟ್ಟಿಭ ಕೂಗಿದರೆ ತಲೆ ಎತ್ತಿ ನೋಡಿ. ಎಷ್ಟೋ ಸಲ ಮೇಲೆ ಗಿಡುಗವೋ ಸೆಳೆವವೆಂಬ ಬೇಟೆಹಕ್ಕಿಯೋ ಇರುತ್ತದೆ.

ಕಿತ್ತಳೆ ಬಣ್ಣದ ಮೈಯ, ತಿಳಿ ತಲೆಯ ಜೋಡಿ ಬಾತುಗಳು ಕಂಡರೆ ಕ್ಷಣ ಹೊತ್ತು ಹೆಚ್ಚು ನಿಲ್ಲಿ. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಇರುಳೆಲ್ಲ ಅಗಲಿ ಮರುಗುವ ಜಕ್ಕವಕ್ಕಿ ಇದೇ ಎಂದು ಬಲ್ಲವರು ಗುರುತಿಸುತ್ತಾರೆ. ಅದೂ ಚಳಿಗಾಲದ ಅತಿಥಿಯೇ, ಲಡಾಖಿನಲ್ಲಿ ಮರಿ ಮಾಡುವಂಥದ್ದೇ. ಓದಿನಲ್ಲಿ ಬಂದ ಹಕ್ಕಿಯನ್ನು ಕೆರೆಯಂಚಿನಲ್ಲಿ ಕಂಡಾಗಿನ ಸಂತೋಷಕ್ಕೆ ಸಮನಾದದ್ದು ನನಗೆ ಇನ್ನೊಂದಿಲ್ಲ.

ಎಣಿಕೆಗೂ ಇದೇ ಹೊತ್ತು. ಒಂದೊಂದಾಗಿ ಎಣಿಸಲು ಹೋಗಬೇಡಿ. ಹತ್ತು ಹಕ್ಕಿ ಎಣಿಸಿ ಅವು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಕಲಿಸಿ, ಆ ಅಳತೆಯಲ್ಲಿ ನೂರು ಗುರುತಿಸಿ, ಆಮೇಲೆ ನೂರರ ಲೆಕ್ಕದಲ್ಲಿ ಗುಂಪನ್ನು ಅಳೆಯಿರಿ. ಎರಡು ಸಲ ಎಣಿಸಿ ಸರಾಸರಿ ತೆಗೆಯಿರಿ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಆ ದಿನಗಳಲ್ಲಿ ಹೋದರೆ ನಿಮ್ಮ ಎಣಿಕೆ ಅದಕ್ಕೂ ಸೇರಬಹುದು. ದೂರದರ್ಶಕವಿದ್ದವರು ಕೊರಳುಗಳನ್ನೂ ಕಾಲುಗಳನ್ನೂ ಒಮ್ಮೆ ಸಾವಕಾಶವಾಗಿ ನೋಡಿ. ಮಂಗೋಲಿಯಾದಲ್ಲಿ ಸಂಶೋಧಕರು ಗುರುತಿಗಾಗಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರ ಮತ್ತು ಅಂಕಿ, ದಿನಾಂಕ, ಜಾಗ ಇಷ್ಟನ್ನೂ ಬರೆದು, ಸಾಧ್ಯವಾದರೆ ಚಿತ್ರದ ಜೊತೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ.

ಸತ್ತ ಅಥವಾ ತೂಕಡಿಸುತ್ತ ಕತ್ತು ತಿರುಚುವ ಹಕ್ಕಿ ಕಂಡರೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ, 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಹಕ್ಕಿಜ್ವರಕ್ಕೆ ಹೆಚ್ಚಾಗಿ ಬಲಿಯಾದದ್ದು ಇದೇ ಹೆಬ್ಬಾತುಗಳು. ಜಾಗವನ್ನು ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೋ ಪಶುವೈದ್ಯ ಇಲಾಖೆಗೋ ತಿಳಿಸಿ.

ಹೊಲದವರ ಜೊತೆ

ಹಕ್ಕಿಗಳು ಉಣ್ಣುವುದು ಯಾರ ಹೊಲದಲ್ಲಿ ಎಂಬುದನ್ನು ನಾವು ಮರೆಯಬಾರದು. ಕಿತ್ತ ಮೇಲೆ ನೆಲದಲ್ಲುಳಿದ ಶೇಂಗಾ, ಹಿಂಗಾರಿ ಕಡಲೆಯ ಚಿಗುರು, ಹುಲ್ಲು ಇವೇ ಅವುಗಳ ಮೇವು. ಒಂದು ರಾತ್ರಿಯಲ್ಲಿ ಸಾವಿರ ಹಕ್ಕಿ ಇಳಿದ ಹೊಲದ ರೈತನಿಗೆ ನಷ್ಟವಿಲ್ಲದೆ ಇರುತ್ತದೆಯೇ? ಆದರೂ ಹಕ್ಕಿ ವರ್ಷವರ್ಷವೂ ಬರುತ್ತಿದೆಯೆಂದರೆ ಊರು ಅವನ್ನು ಬದುಕಗೊಟ್ಟಿದೆ ಎಂದೇ ಅರ್ಥ. ಬದುವಿನ ಮೇಲೆ ಮಾತ್ರ ನಡೆಯಿರಿ, ಬೆಳೆ ತುಳಿಯಬೇಡಿ, ಕೇಳದೆ ಹೊಲಕ್ಕೆ ಇಳಿಯಬೇಡಿ. ಕುರಿ ಕಾಯುವವರನ್ನೂ ಹೊಲದಲ್ಲಿರುವವರನ್ನೂ ‘ಯಜಮಾನರೇ’ ಎಂದು ಮಾತನಾಡಿಸಿ, ರಾತ್ರಿ ಹಕ್ಕಿ ಯಾವ ಕಡೆ ಹೋದವು ಎಂದು ಕೇಳಿ. ಸಂಜೆ ನೀವು ಯಾವ ಮಗ್ಗುಲಿಗೆ ಕೂರಬೇಕೆಂಬುದು ಆ ಉತ್ತರದಲ್ಲೇ ಇರುತ್ತದೆ.

ನಡುಹಗಲಿನ ನಾಲ್ಕೈದು ಗಂಟೆ ಕೆರೆಯಿಂದ ದೂರ ಕಳೆಯಿರಿ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ ಹತ್ತಿರದಲ್ಲಿದೆ. ಎರಡು ದಿನವಿದ್ದವರಿಗೆ ಲಕ್ಕುಂಡಿ, ಕಪ್ಪತಗುಡ್ಡ.

ಸಂಜೆ

ನಾಲ್ಕೂವರೆಗೆ ಮರಳಿ ಬನ್ನಿ. ಗುಂಪು ಆಗ ಎಚ್ಚರಗೊಳ್ಳುತ್ತಿರುತ್ತದೆ: ಮೈ ಕೊಡವುವುದು, ರೆಕ್ಕೆ ಬಡಿಯುವುದು, ನೀರಿನಲ್ಲಿ ಮುಳುಗಿ ಎದ್ದು ಗರಿ ತಿದ್ದುವುದು. ಸೂರ್ಯ ಮುಳುಗುವುದು ಆರು ಗಂಟೆಯ ನಂತರ. ಮೊದಲ ತಂಡ ಏಳುವ ಮುನ್ನ ತಲೆಗಳು ಪಟಪಟನೆ ಅಲುಗುತ್ತವೆ, ಕೂಗು ಬಿಟ್ಟುಬಿಟ್ಟು ಏರುತ್ತದೆ. ಕ್ಯಾಮೆರಾ ಸಿದ್ಧವಾಗಿಟ್ಟುಕೊಳ್ಳಲು ಅದೇ ಸೂಚನೆ.

ಬೆಳಕು ಹೋಯಿತೆಂದು ಅಲ್ಲಿಗೇ ಎದ್ದು ಹೊರಡಬೇಡಿ. ಟಾರ್ಚು ಹಚ್ಚದೆ, ಕಾರಿನ ದೀಪ ಉರಿಸದೆ ಇನ್ನೂ ಅರ್ಧ ಗಂಟೆ ಕುಳಿತಿರಿ. ದೊಡ್ಡ ತಂಡಗಳು ಪೂರ್ತಿ ಮಬ್ಬಾದ ಮೇಲೂ ಏಳುತ್ತವೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ, ನೆತ್ತಿಯ ಮೇಲೆ ರೆಕ್ಕೆಗಳ ಸದ್ದು ಮಾತ್ರ ಕಡಲೆ ಹೊಲಗಳ ಕಡೆಗೆ ಸಾಗುತ್ತಿರುತ್ತದೆ.